ಹೊಸ ಕೊಡಲಿಗೆ ಎಷ್ಟು ದಿನ ಕೊಡಬೇಕು

ನನ್ನ ಗಂಡನ ಕಾಲು ತೆಗೆದದ್ದು ಹಳೆಯ ಕೊಡಲಿ. ಊರೆಲ್ಲ ಇವತ್ತಿಗೂ ಹೊಸ ಕೊಡಲಿಯ ಮೇಲೆ ತಪ್ಪು ಹೊರಿಸುತ್ತದೆ. ಊರಿಗೆ ಗೊತ್ತಿಲ್ಲ. ಎರಡನ್ನೂ ತೊಳೆದು ಒರೆಸಿ ಇಟ್ಟವಳು ನಾನು. ರಕ್ತ ಯಾವುದರ ಬಾಯಿಗೆ ಅಂಟಿತ್ತು ಎನ್ನುವುದನ್ನು ಯಾರೂ ಬಂದು ನನಗೆ ಹೇಳಬೇಕಾಗಿಲ್ಲ.

ಇಷ್ಟು ವರ್ಷದ ಮೇಲೆ ಇದನ್ನು ಯಾಕೆ ತೆಗೆದೆ ಎಂದರೆ ಒಂದು ಕನ್ನಡಕದಿಂದಾಗಿ. ಮೊಮ್ಮಗಳು ಹಳಿಯಾಳದ ಪೇಟೆಯಲ್ಲಿ ನನಗೆ ಹೊಸ ಕನ್ನಡಕ ಮಾಡಿಸಿ ತಂದಳು. ಅದನ್ನು ಹಾಕಿಕೊಂಡರೆ ನೆಲ ಮೊಣಕಾಲಿನವರೆಗೆ ಎದ್ದು ಬರುತ್ತದೆ. ಹೊಸ್ತಿಲು ತಾನು ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಎಡವಿ ಬಿದ್ದ ಮೇಲೆ ಅದನ್ನು ಡಬ್ಬಿಯಲ್ಲಿಟ್ಟು, ದಾರ ಕಟ್ಟಿದ ಹಳೆಯದನ್ನೇ ಮೂಗಿಗೇರಿಸಿಕೊಂಡೆ. "ಆಯೀ, ಸ್ವಲ್ಪ ದಿನ ಹಾಕ್ಕೊಂಡು ನೋಡು, ರೂಢಿ ಆಗ್ತೈತಿ" ಎಂದಳು. ಸ್ವಲ್ಪ ದಿನ ಅಂದರೆ ಎಷ್ಟು ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಕನ್ನಡಕ ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ. ನಾನು ಸನವಳ್ಳಿಯ ಶಾಲೆಯಲ್ಲಿ ಎರಡನೇ ಇಯತ್ತೆಯವರೆಗೆ ಕೂತವಳು. ಅದರಲ್ಲೂ ಅರ್ಧ ಹೊತ್ತು ಎಮ್ಮೆಯ ಹಿಂದೆ. ಹಾಗಾಗಿ ನನಗೆ ತಿಳಿದಿದೆ ಎಂದು ಬೀಗುವುದಿಲ್ಲ. ಆದರೆ ಹೊಸದನ್ನು ಎಷ್ಟು ದಿನ ನೋಡಬೇಕು, ಯಾವಾಗ ಸಾಕು ಎಂದು ಹಳೆಯದಕ್ಕೆ ಹೊರಳಬೇಕು ಎನ್ನುವ ಈ ಪ್ರಶ್ನೆಯ ಜೊತೆ ನಾನು ಗಂಡನ ಜೊತೆ ಮಾಡಿದಷ್ಟೇ ಸಂಸಾರ ಮಾಡಿದ್ದೇನೆ.

ನಮ್ಮ ಮನೆಯವರು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಚೌಕ ಮಾಡುವವರು. ಅವರ ಹೆಸರು ಹೇಳುವುದಿಲ್ಲ. ನಮ್ಮಲ್ಲಿ ಹೇಳುವ ಪದ್ಧತಿ ಇರಲಿಲ್ಲ, ಈಗ ಕಲಿತು ಆಗಬೇಕಾದದ್ದೂ ಏನಿಲ್ಲ. ಆಗ ಯುದ್ಧ ನಡೆದಿತ್ತು. ಯಾರಿಗೂ ಯಾರಿಗೂ ಯುದ್ಧ ಎನ್ನುವುದು ನಮಗೆ ಸರಿಯಾಗಿ ತಿಳಿಯದು. ಸಾಗವಾನಿ ಮಾತ್ರ ರಾಶಿ ರಾಶಿ ರೈಲು ಹತ್ತಿ ಹೋಗುತ್ತಿತ್ತು. ಸೂಪಾದ ಕಡೆಯ ಕಾಡಿನಿಂದ ಎಳೆದು ತಂದ ದುಂಡು ದಿಮ್ಮಿಗಳು ಡಿಪೋದಲ್ಲಿ ಬೀಳುತ್ತಿದ್ದವು. ಹೆಂಗಸರು ನಾವು ತೊಗಟೆ ಸುಲಿದು ಕೊಟ್ಟರೆ ಗಂಡಸರು ಅದರ ಪಕ್ಕ ನಿಂತು, ಕೊಡಲಿಯಿಂದ ನಾಲ್ಕು ಮಗ್ಗುಲು ಕೆತ್ತಿ, ಹಲಗೆಯ ಹಾಗೆ ನುಣ್ಣಗೆ ಮಾಡುತ್ತಿದ್ದರು. ಬೇರೆ ವರ್ಷಗಳಲ್ಲಿ ಮಳೆ ಹಿಡಿದರೆ ಕೆಲಸ ನಿಲ್ಲುತ್ತಿತ್ತು. ಯುದ್ಧ ಬಂದ ಮೇಲೆ ಮೇಲೊಂದು ಚಪ್ಪರ ಹಾಕಿ, ಮಳೆಯಲ್ಲೂ ಕೆತ್ತಿಸಿದರು.

ಕೆತ್ತುವವರ ಪೈಕಿ ಇವರೇ ಮೊದಲಿಗರು. ಗಂಡ ಎಂದು ಹೇಳುತ್ತಿಲ್ಲ; ಮನೆಯಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದ ಮನುಷ್ಯ. ದಿಮ್ಮಿಯ ಮುಂದೆ ನಿಂತರೆ ಬೇರೆಯೇ ಆಗುತ್ತಿದ್ದರು. ಅವರ ಕೊಡಲಿ ಅವರ ಅಪ್ಪನದು. ಮಸೆದು ಮಸೆದು ಅದರ ಅಲಗು ಸವೆದು, ಹಗುರಾಗಿ, ಕೈಯಲ್ಲಿ ಹಿಡಿದರೆ ಸೌಟಿನಷ್ಟೇ ತೂಕ ಅನ್ನಿಸುತ್ತಿತ್ತು. ನಮ್ಮಲ್ಲಿ ಕೊಡಲಿಯ ಮರದ ಹಿಡಿಕೆಯಾದ ಕಾವನ್ನು ಪೇಟೆಯಿಂದ ತರುವುದಿಲ್ಲ. ದಿಂಡಲದ ಮರದ ಕೊಂಬೆ ತಂದು, ಹಿಡಿಯುವವನ ಕಂಕುಳಿಂದ ನಡುಬೆರಳಿನ ತುದಿಗೆ ಅಳೆದು ಕಡಿದು, ಒಂದು ಮಳೆಗಾಲ ಪೂರ್ತಿ ಒಲೆಯ ಮೇಲೆ ಹೊಗೆಗೆ ಕಟ್ಟುತ್ತಾರೆ. ಒಬ್ಬನ ಕಾವು ಇನ್ನೊಬ್ಬನ ಕೈಗೆ ಬರುವುದಿಲ್ಲ. ನಮ್ಮವರದು ಗಿಡ್ಡ ಕೈ, ಗಿಡ್ಡ ಕಾವು. ಏಟಿನ ಕೊನೆಯಲ್ಲಿ ಮಣಿಕಟ್ಟನ್ನು ಒಂದು ಸಲ ಒಳಕ್ಕೆ ತಿರುವುತ್ತಿದ್ದರು, ರೊಟ್ಟಿ ಮಗುಚುವ ಹಾಗೆ. ಆ ತಿರುವಿಗೇ ಚಕ್ಕೆ ತೆಳ್ಳಗೆ ಎದ್ದು ಬರುತ್ತಿತ್ತು.

ಪಂಚಮಿಯ ಹೊತ್ತಿಗೆ ಮುಂಬಯಿಯಿಂದ ಪೆಟ್ಟಿಗೆಯಲ್ಲಿ ವಿಲಾಯತಿ ಕೊಡಲಿಗಳು ಬಂದವು. ದೊಡ್ಡ ಅಲಗು, ಹಂಸದ ಕುತ್ತಿಗೆಯ ಹಾಗೆ ಬಳುಕಿದ ಉದ್ದನೆಯ ಕಾವು, ಎಲ್ಲವೂ ಒಂದೇ ಅಳತೆ. ಊರಿನ ಹೆಂಗಸರಿಗೆಲ್ಲ ಒಂದೇ ಅಳತೆಯ ಕುಪ್ಪಸ ಹೊಲಿಸಿ ತಂದ ಹಾಗೆ. ಮುಕಾದಮ, ಅಂದರೆ ಆಳುಗಳ ಮೇಲಿನವ, ಕೆಟ್ಟ ಮನುಷ್ಯನಲ್ಲ. ಎಲ್ಲರನ್ನೂ ನಿಲ್ಲಿಸಿ ಹೇಳಿದ.

"ದಸರಾ ತನಕ ಎಲ್ಲಾರೂ ಇದರಾಗ ಕೆತ್ರಿ. ಸೊಂಟ ಬಗ್ಗಿಸೂದು ಕಡಿಮಿ ಆಗ್ತೈತಿ, ಏಟೂ ದೊಡ್ಡದು ಬೀಳ್ತೈತಿ. ದಸರಾ ಆದಮ್ಯಾಲ ಯಾರಿಗೆ ಯಾವುದು ಬೇಕೋ ಅದನ್ನ ಹಿಡೀರಿ. ನಾ ಕೇಳೂದಿಲ್ಲ."

ಇಷ್ಟು ನ್ಯಾಯವಾದ ಮಾತಿನಿಂದ ಒಬ್ಬನ ಕಾಲು ಹೋಗುತ್ತದೆ ಎಂದು ಯಾರಿಗೆ ತಾನೆ ಅನ್ನಿಸೀತು.

ಹೊಸದು ಹಳೆಯದು ಎನ್ನುವ ಈ ರೋಗ ನಮಗೊಬ್ಬರಿಗೇ ಬಂದದ್ದಲ್ಲ. ಕಾಳಿ ನದಿಯ ದಂಡೆಯ ಬಂಗಲೆಯಲ್ಲಿ ಕಟ್ಟಿಗೆಯ ಸಾಹೇಬನೊಬ್ಬ ಇದ್ದ. ಬಂಗಲೆಯ ಮುಂದೆ ಹುಲ್ಲು ಹೆರೆಸಿ, ಮರಳು ಹಾಸಿ, ಎಣ್ಣೆ ಸುರಿಸಿ ನೆಲ ಗಟ್ಟಿ ಮಾಡಿಸಿ, ನಡುವೆ ಅಂಗೈ ಅಗಲದ ಒಂದು ಕುಳಿ ತೋಡಿಸಿದ್ದ. ಕಬ್ಬಿಣದ ಮೂತಿಯ ಒಂದು ಕೋಲಿನಿಂದ ಬಿಳಿಯ ಚೆಂಡನ್ನು ಮೆಲ್ಲಗೆ ತಳ್ಳಿ ಆ ಕುಳಿಗೆ ಬೀಳಿಸಬೇಕು. ಗಾಲ್ಫ್ ಎನ್ನುವ ಆಟವಂತೆ. ದೂರ ಹೊಡೆಯುವುದಕ್ಕೆ ಬೇರೆ ಕೋಲು, ಕೊನೆಗೆ ಕುಳಿಗೆ ತಳ್ಳುವುದಕ್ಕೆ ಬೇರೆ ಕೋಲು. ಅವನಿಗೆ ಕಾಟ ಕೊಡುತ್ತಿದ್ದದ್ದು ಈ ತಳ್ಳುವ ಕೋಲು. ಮಳೆಗೆ ಉರುಳಿದ ಮರ ತುಂಡು ಮಾಡಲು ನಮ್ಮವರು ಅಲ್ಲಿಗೆ ಹೋದಾಗ ಹೊಸ ಕೋಲೊಂದು ಬಂದಿತ್ತು. ಸಾಹೇಬ ತಳ್ಳಿದ, ಚೆಂಡು ಕುಳಿಯ ಪಕ್ಕದಿಂದ ಹೋಯಿತು. ಹಳೆಯ ಕೋಲು ತರಿಸಿ ತಳ್ಳಿದ. ಅದೂ ಪಕ್ಕದಿಂದ ಹೋಯಿತು. ಗೋವೆಯಿಂದ ಬಂದಿದ್ದ ಅವನ ಬಟ್ಲರ್ ಎರಡೂ ಕೋಲು ಹಿಡಿದು ಒಳಗೂ ಹೊರಗೂ ತಿರುಗಿ ಸುಸ್ತಾಗಿ, ನಮ್ಮವರ ಹತ್ತಿರ ಬಂದು ಕೂತನಂತೆ.

"ಹೊಸದು ತಪ್ಪಿದ್ರ ಹಳೇದು ಕೊಡಬೇಕು, ಹಳೇದು ತಪ್ಪಿದ್ರ ಹೊಸದು ಕೊಡಬೇಕು. ಎರಡೂ ತಪ್ಪಿದ್ರ ಬೈಗುಳ ನನಗ. ಕೋಲಿಗೆ ಯಾರೂ ಬಯ್ಯೂದಿಲ್ಲ ನೋಡು" ಎಂದನಂತೆ.

ನಮ್ಮವರು ಮನೆಗೆ ಬಂದು, ಅಂಗಳದಲ್ಲಿ ಪೊರಕೆ ಹಿಡಿದು, ಹಿಂಭಾಗ ಹೊರಗೆ ಮಾಡಿ ಬಗ್ಗಿ ನಿಂತು, ಒಂದು ನಿಂಬೆಕಾಯಿಯನ್ನು ತಳ್ಳಿ ತೋರಿಸಿದರು. ಅತ್ತೆ ಕೆಮ್ಮು ಬರುವವರೆಗೆ ನಕ್ಕರು. ನಾನೂ ನಕ್ಕೆ. ಆ ಮನುಷ್ಯ ಎರಡು ಕಾಲಿನ ಮೇಲೆ ನಿಂತು ನಮ್ಮನ್ನು ನಗಿಸಿದ್ದು ಅದೇ ಕೊನೆ ಇರಬೇಕು. ಸಾಹೇಬನ ಕೋಲು ತಪ್ಪಿದರೆ ಚೆಂಡು ಕುಳಿಯ ಪಕ್ಕ ಹೋಗಿ ನಿಲ್ಲುತ್ತದೆ, ಅಷ್ಟೇ. ಚೆಂಡಿಗೂ ನೋವಿಲ್ಲ, ಕುಳಿಗೂ ನೋವಿಲ್ಲ. ಅಂಥವರು ಹೊಸದನ್ನು ಸಾಯುವವರೆಗೂ ನೋಡುತ್ತ ಇರಬಹುದು.

ನನ್ನನ್ನೂ ಈ ಮನೆಯಲ್ಲಿ ಹೀಗೇ ನೋಡಿದ್ದರು. ನಾನು ಅವರ ಎರಡನೆಯ ಹೆಂಡತಿ. ಮೊದಲನೆಯವಳು ಬಾಣಂತಿತನದಲ್ಲಿ ಹೋದಳು, ಮಗುವೂ ಹೋಯಿತು. ನಾನು ಬಂದ ಮೇಲೆ ಅತ್ತೆ ಪ್ರತಿಯೊಂದಕ್ಕೂ ಅವಳನ್ನು ತೆಗೆಯುತ್ತಿದ್ದರು. ಅವಳ ರೊಟ್ಟಿ ತೆಳು, ಅವಳು ಸಾರಿಸಿದ ನೆಲ ನುಣುಪು, ಅವಳು ಕೆಮ್ಮಿದರೂ ಕಿವಿಗೆ ಇಂಪು. "ಆಕಿ ಹಿಂಗ ಮಾಡ್ತಿದ್ದಿಲ್ಲ" ಎನ್ನುವುದನ್ನು ನಾನು ಊಟದ ಜೊತೆ ಉಪ್ಪಿನಕಾಯಿಯ ಹಾಗೆ ತಿಂದೆ. ಆಕೆ ಬದುಕಿ ತವರಿನಲ್ಲಿದ್ದಿದ್ದರೆ ಮೊದಲ ತಿಂಗಳಲ್ಲೇ ನನ್ನನ್ನು ನನ್ನ ತವರಿನ ಕಡೆಗೆ, ಮುಂಡಗೋಡದ ಗಾಡಿ ಹತ್ತಿಸಿ, ಅವಳನ್ನು ವಾಪಸು ಕರೆತರುತ್ತಿದ್ದರು. ಸತ್ತಿದ್ದಳು. ಅದಕ್ಕೇ ನಾನು ಉಳಿದೆ. ನನ್ನ ರೊಟ್ಟಿ ಆಮೇಲೆ ಎಲ್ಲರಿಗೂ ರುಚಿಸಿತು ಎಂದು ತಿಳಿಯಬೇಡಿ. ತಿನ್ನುವವರು ಹೇಳುವುದನ್ನು ಬಿಟ್ಟರು.

ಕೊಡಲಿಯ ವಿಷಯಕ್ಕೆ ಬರುತ್ತೇನೆ. ಹೊಸ ಕೊಡಲಿ ಹಳೆಯದಕ್ಕಿಂತ ಭಾರ. ನಮ್ಮವರು ಅದನ್ನು ಬೀಸಿದರೆ ಅದೇ ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ಮಣಿಕಟ್ಟಿನ ತಿರುವು ಅದರಲ್ಲಿ ನಡೆಯಲಿಲ್ಲ. ಚಕ್ಕೆ ದಪ್ಪ ಏಳುತ್ತಿತ್ತು, ಮಗ್ಗುಲು ಒರಟಾಗುತ್ತಿತ್ತು. ಅವರ ಜೊತೆ ಕೆತ್ತುತ್ತಿದ್ದವನು ಬಸ್ತ್ಯಾಂವ, ನಮ್ಮ ಪಕ್ಕದ ಕೇರಿಯ ಸಿದ್ದಿ, ಎತ್ತರದ ಆಳು, ಉದ್ದ ಕೈ. ಹೊಸದು ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು. ದಿನಾ ಸಂಜೆ ಇಬ್ಬರೂ ಜಗಳವಾಡುತ್ತ ಮನೆಯ ಮುಂದೆ ಬರುತ್ತಿದ್ದರು.

"ಏ ಬಸ್ತ್ಯಾಂವ, ಇದು ಕೊಡ್ಲಿ ಅಲ್ಲೋ, ಹೆಣಾ ಹೊತ್ತಂಗ ಆಗ್ತೈತಿ."

"ಅಣ್ಣಾ, ನೀ ಅದನ್ನ ಬೀಸಾಕ ಹೋಗ್ತಿ. ಸುಮ್ಮನ ಬಿಡು, ಅದರ ಭಾರಕ್ಕ ಅದ ಬೀಳ್ತೈತಿ."

"ನಿನ್ನ ಕೈ ಮಂಗ್ಯಾನ ಕೈ. ನಿನಗ ಬೀಳ್ತೈತಿ."

"ಮಂಗ್ಯಾನ ಕೈ ಆದ್ರ ಏನಾತು, ಮುಕಾದಮ ನನ್ನ ದಿಮ್ಮಿ ಮುಟ್ಟಿ ನೋಡಿ ನಕ್ಕ ಹೋದ."

ಇದು ಚುಚ್ಚುತ್ತಿತ್ತು. ಮೊದಲನೆಯವನಾಗಿದ್ದವನು ಹಿಂದೆ ಬಿದ್ದಿದ್ದ. ರಾತ್ರಿ ಊಟದ ಎಲೆಯ ಮುಂದೆ ಕೂತು ಬಲಗೈಯನ್ನು ಮೇಲೆ ಕೆಳಗೆ ಮಾಡಿ ನೋಡಿಕೊಳ್ಳುತ್ತಿದ್ದರು. ಆ ಕೈ ಏನು ತಪ್ಪು ಮಾಡಿದೆ ಎಂದು ಅದನ್ನೇ ಕೇಳುವ ಹಾಗೆ. ಅತ್ತೆಯಂತೂ ಹಳೆಯ ಕೊಡಲಿಯನ್ನು ಇಳಿಸಿ, ಅಲಗಿಗೆ ಎಣ್ಣೆ ಹಚ್ಚಿ, ಮತ್ತೆ ಒಲೆಯ ಮೇಲಕ್ಕೆ ಕಟ್ಟಿ ಇಡುತ್ತಿದ್ದರು. "ಇರ್ಲಿ ತಮ್ಮಾ, ದಸರಾ ಎಷ್ಟು ದೂರ ಐತಿ" ಎನ್ನುತ್ತಿದ್ದರು. ಹಳೆಯದು ಅಲ್ಲೇ ಕಣ್ಣಿಗೆ ಬೀಳುವ ಹಾಗೆ ತೂಗುತ್ತಿದ್ದರೆ ಹೊಸದನ್ನು ಯಾರು ಮನಸ್ಸಿಟ್ಟು ಕಲಿಯುತ್ತಾರೆ? ಅವರು ಕಲಿಯುತ್ತಿರಲಿಲ್ಲ, ಕಾಯುತ್ತಿದ್ದರು.

ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಆ ದಿನಗಳಲ್ಲಿ ಅವರು ನಿಲ್ಲುವ ರೀತಿ ಬದಲಾಗಿತ್ತು. ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವಾಗ, ಬಾಗಿಲಲ್ಲಿ ನಿಂತು ಯಾರ ಜೊತೆಗೋ ಮಾತಾಡುವಾಗ ಎಡಗಾಲು ಒಂದು ಗೇಣು ಮುಂದೆ ಹೋಗಿ ಊರಿಕೊಂಡಿರುತ್ತಿತ್ತು, ಚರಂಡಿ ದಾಟಲು ಹೊರಟವರ ಹಾಗೆ. ಭಾರದ ಕೊಡಲಿ ಎಳೆದಾಗ ಮುಗ್ಗರಿಸದೆ ಇರಲು ಕಾಲು ಆ ಜಾಗ ಹುಡುಕಿಕೊಂಡಿತ್ತು. ಉದ್ದ ಕಾವಿಗೆ ಅದು ಸರಿ. ಅಲಗು ಕಾಲಿನಿಂದ ದೂರವೇ ಬೀಳುತ್ತದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನೋಡಿದೆ, ಏನಪ್ಪ ಇದು ಎಂದುಕೊಂಡೆ, ಸಾರಿಗೆ ಒಗ್ಗರಣೆ ಹಾಕಲು ಹೋದೆ. ತಿಳಿದಿದ್ದರೆ ಹೇಳುತ್ತಿದ್ದೆ. ತಿಳಿಯಲಿಲ್ಲ. ಅದಕ್ಕಾಗಿ ಎದೆ ಬಡಿದುಕೊಂಡವಳಲ್ಲ ನಾನು.

ಮಹಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ಕುಡಗೋಲು, ಕೊಡಲಿ, ಒನಕೆ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ ಪೂಜೆ ಮಾಡುತ್ತಾರೆ. ಕೆತ್ತುವವರ ಮನೆಗಳಲ್ಲಿ ಇನ್ನೂ ಒಂದು ಪದ್ಧತಿ ಇತ್ತು. ಮರುದಿನ ಬನ್ನಿ ಹಂಚುವ ಮೊದಲು ಡಿಪೋಗೆ ಹೋಗಿ, ಪೂಜೆಗೆ ಇಟ್ಟ ಕೊಡಲಿಯಿಂದಲೇ ಒಂದು ದಿಮ್ಮಿಗೆ ಒಂದು ಏಟು ಹಾಕಿ ಬರಬೇಕು. ಕೆಲಸವಲ್ಲ, ಶಾಸ್ತ್ರ. ಒಂದೇ ಏಟು. ವರ್ಷವೆಲ್ಲ ಅದೇ ಕೊಡಲಿ ಕೈಯಲ್ಲಿ ನಿಲ್ಲುತ್ತದೆ ಎಂದು ನಂಬಿಕೆ.

ಆ ಸಲ ಪೂಜೆಗೆ ಯಾವ ಕೊಡಲಿ ಎಂದು ಯಾರೂ ಕೇಳಲಿಲ್ಲ. ಅತ್ತೆ ಹಳೆಯದನ್ನು ಇಳಿಸಿ ಮಣೆಯ ಮೇಲೆ ಇಟ್ಟರು. ನಮ್ಮವರ ಮುಖ ಬಹಳ ದಿನದ ಮೇಲೆ ಅರಳಿತು. "ಸಾಕು. ನೋಡೂವಷ್ಟು ನೋಡ್ದೆ. ನಾಳಿಂದ ನಂದ ನಂಗ" ಎಂದರು. ಹೊಸದು ಮೂಲೆಯಲ್ಲಿ ಗೋಡೆಗೆ ಒರಗಿಕೊಂಡು ಇತ್ತು. ಅದಕ್ಕೆ ಒಂದು ಹೂವೂ ಬೀಳಲಿಲ್ಲ.

ಬೆಳಿಗ್ಗೆ ಮಿಂದು, ಹೊಸ ರುಮಾಲು ಸುತ್ತಿ, ಬರಿಗಾಲಲ್ಲಿ ಹೋದರು. ನಡೆದದ್ದನ್ನು ನನಗೆ ಹೇಳಿದವನು ಬಸ್ತ್ಯಾಂವ. ಅವನು ಇಗರ್ಜಿಗೆ ಹೋಗುವವ, ಅವನಿಗೆ ನಮ್ಮ ಪೂಜೆ ಇಲ್ಲ. ತಮಾಷೆ ನೋಡಲು ಹೋಗಿದ್ದ. ಒಬ್ಬೊಬ್ಬರಾಗಿ ಏಟು ಹಾಕಿದರು. ನಮ್ಮವರ ಸರದಿ ಬಂದಾಗ ಮುಕಾದಮನೂ ಬಂದು ನಿಂತ. ಸುಮ್ಮನೆ ಮುಟ್ಟಿಸಿ ಬಂದರೆ ಆಗುತ್ತಿತ್ತು. ಇವರಿಗೆ ಅಷ್ಟು ದಿನದ ಅವಮಾನ ತೀರಿಸಿಕೊಳ್ಳಬೇಕಿತ್ತು. ಪೂರ್ತಿ ಎತ್ತಿ ಹೊಡೆದರು. ಕೈ ತನ್ನ ಹಳೆಯ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿತು. ಮಣಿಕಟ್ಟು ಒಳಕ್ಕೆ ತಿರುಗಿತು. ಎಡಗಾಲು ಮಾತ್ರ ಯಾರೂ ಹೇಳದೆ ಒಂದು ಗೇಣು ಮುಂದೆ ಹೋಗಿ ನಿಂತಿತ್ತು. ಗಿಡ್ಡ ಕಾವು, ಹಗುರ ಅಲಗು. ದಿಮ್ಮಿಯ ಗಂಟಿಗೆ ತಾಗಿ ಜಾರಿ, ಸೀದಾ ಪಾದದ ಮೇಲೆ ಇಳಿಯಿತು.

"ವೈನೀ, ಅಣ್ಣನ ಕೈ ಹಳೇದ ಇತ್ತು. ಕಾಲು ಹೊಸಾದು ಆಗಿತ್ತು" ಎಂದ ಬಸ್ತ್ಯಾಂವ, ಅವರನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಇಳಿಸಿದಾಗ. ಅವನ ಬೆನ್ನು ಪೂರ್ತಿ ಕೆಂಪಾಗಿತ್ತು. ಹೊಸದು ಕೈಗೆ ಹತ್ತಲಿಲ್ಲ ಎಂದು ನಮ್ಮವರು ಅಷ್ಟು ದಿನ ಹೇಳಿದ್ದೇ ಹೇಳಿದ್ದು. ಕೈಯನ್ನು ಮಾತ್ರ ಕೇಳಿದ್ದರು. ಮೈಯಲ್ಲಿ ಯಾವ ಭಾಗ ಯಾವಾಗ ಏನು ಕಲಿತು ಕೂತಿರುತ್ತದೆ ಎಂದು ಮೈ ಹೊತ್ತವನಿಗೆ ಗೊತ್ತಿರುವುದಿಲ್ಲ.

ಅತ್ತೆ ಗಾಯಕ್ಕೆ ಅರಿಶಿನ ತುಂಬಿ ಕಟ್ಟಿದರು. ಹಳಿಯಾಳದ ದವಾಖಾನೆಯಲ್ಲಿ ಬಿಚ್ಚಿ ತೊಳೆದು ಮತ್ತೆ ಕಟ್ಟಿದರು. ಪಾದ ಕಪ್ಪಾಗತೊಡಗಿದಾಗ ಧಾರವಾಡಕ್ಕೆ ಒಯ್ಯಿರಿ ಎಂದರು. ದಿಮ್ಮಿ ಸಾಗಿಸುವ ರೈಲಿನಲ್ಲಿ ಅಳ್ನಾವರದವರೆಗೆ ಹೋದೆವು, ಅವರೇ ಚೌಕ ಮಾಡಿದ ಸಾಗವಾನಿಯ ಪಕ್ಕದಲ್ಲಿ ಅವರನ್ನು ಮಲಗಿಸಿಕೊಂಡು. ಜ್ವರದಲ್ಲೂ ಕೈ ಚಾಚಿ ಒಂದು ದಿಮ್ಮಿಯ ಮಗ್ಗುಲು ಸವರಿ, "ಇದು ಬಸ್ತ್ಯಾಂವಂದು" ಎಂದರು. ಧಾರವಾಡದಲ್ಲಿ ಮೊಣಕಾಲಿನ ಕೆಳಗೆ ಕಡಿದರು. ಚೆನ್ನಾಗಿ ಕಡಿದಿದ್ದರು. ಕಡಿತ ನೋಡಿ ನೋಡಿ ನನಗೂ ಅಷ್ಟು ತಿಳಿಯುತ್ತಿತ್ತು.

ಎಳ್ಳಮಾವಾಸ್ಯೆಯ ಹೊತ್ತಿಗೆ ಮನೆಗೆ ಬಂದೆವು. ಅಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ವಿಲಾಯತಿ ಕೊಡಲಿಯ ಕಣ್ಣು ತಾಗಿತು, ಪೂಜೆಗೆ ಇಡದೆ ಇದ್ದದ್ದಕ್ಕೆ ಅದು ಮುನಿಯಿತು ಎಂದು ಕೆಲವರು. ಅದು ಮನೆಗೆ ಬಂದದ್ದೇ ಶನಿ ಎಂದು ಕೆಲವರು. ಅತ್ತೆ ಅದನ್ನು ಕಾಳಿ ನದಿಗೆ ಎಸೆಯಿರಿ ಎಂದು ಹಟ ಹಿಡಿದರು. ಹಳೆಯದಕ್ಕೆ ಮಾತ್ರ ದಿನಾ ಕುಂಕುಮ.

"ಅತ್ತೀ, ಕಡದದ್ದು ಅದ ಅಲ್ರಿ" ಎಂದೆ.

"ಬಾಯಿ ಮುಚ್ಚ. ಅದು ನನ್ನ ಗಂಡನ ಕೊಡ್ಲಿ. ಮನಿ ಮಗನ್ನ ಅದು ಯಾಕ ಕಡದೀತು?"

ಹಳೆಯದನ್ನು ನಂಬಿದವರಿಗೆ ರಕ್ತ ತೋರಿಸಿದರೂ ಕುಂಕುಮ ಅನ್ನುತ್ತಾರೆ.

ಇನ್ನು ನನ್ನ ಮುಂದೆ ಇದ್ದದ್ದು ಬೇರೆಯೇ ವಿಷಯ. ಕಾಲು ಹೋಯಿತು, ಆಯಿತು. ಮನುಷ್ಯ ಉಳಿಯುತ್ತಾನೋ ಇಲ್ಲವೋ ನೋಡಬೇಕಿತ್ತು. ಮುಕಾದಮ ಮನೆಗೆ ಬಂದು ಕೂತು ಚಹಾ ಕುಡಿದು ಹೇಳಿದ. "ತಂಗೀ, ಕೊಡ್ಲಿ ಮಸಿಯಾಕ, ಕಾವು ಕೆತ್ತಾಕ ಕುಂತ ಕೆಲಸಾ ಮಾಡೂ ಆಳು ಬೇಕಾಗ್ಯಾನ. ಇವನಷ್ಟು ತಿಳದಾವ ಯಾರೂ ಇಲ್ಲ. ಶಿವರಾತ್ರಿ ತನಕ ಜಾಗಾ ಹಿಡೀತೇನಿ. ಆದ್ರ ಡಿಪೋ ತನಕ ತಾನ ಬರಬೇಕು. ದಿನಾ ಹೊತ್ತ ತರಾಕ ಯಾರು ಅದಾರ?"

ಬಸ್ತ್ಯಾಂವ ಒಂದು ಊರುಗೋಲು ಮಾಡಿ ತಂದ. ಕಂಕುಳಿಗೆ ಕೊಡುವ ಅಡ್ಡಪಟ್ಟಿಗೆ ಹಳೆಯ ಕಂಬಳಿ ಸುತ್ತಿ ಹೊಲಿದಿದ್ದ. ನಮ್ಮವರು ಅದನ್ನು ಹಿಡಿದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರು, ಬಿದ್ದರು. ಮರುದಿನ ಮತ್ತೆ ಬಿದ್ದರು. ಕಂಕುಳ ಚರ್ಮ ಕಿತ್ತು ಬಂತು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಎರಡು ಕೈ ಊರಿ, ಕುಂಡೆಯ ಮೇಲೆ ಸರಿದುಕೊಂಡು ಹೋಗಲು ಶುರು ಮಾಡಿದರು. ಸರಿಯುವುದು ಸುಲಭವಾಗಿ ಬಂತು. ಎಲ್ಲರೂ ಹುಟ್ಟಿದ ಮೇಲೆ ಮಾಡಿದ್ದೇ ಅಲ್ಲವೇ, ಅದಕ್ಕಿಂತ ಹಳೆಯದು ಯಾವುದಿದೆ? ಸ್ವಲ್ಪ ದಿನದಲ್ಲಿ ಅದನ್ನೂ ಬಿಟ್ಟರು. ಅತ್ತೆ ಎಲ್ಲವನ್ನೂ ಚಾಪೆಗೇ ತಂದು ಕೊಡುತ್ತಿದ್ದರು. ನೀರು ಅಲ್ಲಿಗೆ, ರೊಟ್ಟಿ ಅಲ್ಲಿಗೆ, ಉಗುಳಲು ಬೋಗುಣಿ ಅಲ್ಲಿಗೆ. "ನನ್ನ ಮಗಗ ಕೋಲು ಬ್ಯಾಡ. ನಾ ಇದ್ದೇನಲ್ಲ" ಎನ್ನುತ್ತಿದ್ದರು. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಇನ್ನೆಷ್ಟು ದಿನ ಇರುತ್ತಾರೆ ಎಂದು ನಾನು ಕೇಳಲಿಲ್ಲ, ಕೇಳಬೇಕು ಅನ್ನಿಸಿತ್ತು.

ನಾನು ಬೆಳಗಾದರೆ ತೊಗಟೆ ಸುಲಿಯಲು ಹೋಗುತ್ತಿದ್ದೆ. ಸಂಜೆ ಬಂದರೆ ಚಾಪೆಯ ಮೇಲೆ ಅದೇ ಜಾಗದಲ್ಲಿ ಅದೇ ಮುಖ. ಆ ಮುಖದ ಮೇಲೆ ಗಡ್ಡ ಬೆಳೆಯುತ್ತಿತ್ತು, ಬೇರೇನೂ ನಡೆಯುತ್ತಿರಲಿಲ್ಲ. ಸೂಪಾದ ಕಡೆ ಮರ ಬಿದ್ದು ಸೊಂಟ ಮುರಿದ ಒಬ್ಬನನ್ನು ನಾನು ನೋಡಿದ್ದೆ. ಅವನು ಸತ್ತದ್ದು ಸೊಂಟದಿಂದಲ್ಲ. ಗೋಡೆ ನೋಡುತ್ತ ನೋಡುತ್ತ ಹೋದ.

ಶಿವರಾತ್ರಿ ಹತ್ತಿರ ಬಂತು. ಒಂದು ಸಂಜೆ ಬಸ್ತ್ಯಾಂವ ಬಂದು, "ಅಣ್ಣಾ, ಮುಕಾದಮ ಮತ್ತ ಕೇಳ್ದ. ನಾಳೆ ಬೇಲಿ ತನಕ ಹೋಗೂಣು ಏಳು" ಎಂದ. ನಮ್ಮವರು ಊರುಗೋಲನ್ನು ಎತ್ತಿಕೊಂಡರು. ಏಳುತ್ತಾರೆ ಎಂದುಕೊಂಡೆ. ಬಾಗಿಲಿನಿಂದ ಆಚೆ ಅಂಗಳಕ್ಕೆ ಎಸೆದರು. ಕೋಳಿಗಳು ಚದುರಿ ಓಡಿದವು.

"ಎಷ್ಟು ದಿನ ಅಂತ ನೋಡೂದು? ಇದು ನನಗ ಬರೂದಿಲ್ಲ. ಇನ್ನೊಮ್ಮೆ ತಂದ್ರ ಒಲಿಗೆ ಹಾಕ್ತೇನಿ."

ಬಸ್ತ್ಯಾಂವ ಕೋಲನ್ನು ದಾಟಿಕೊಂಡು ಹೋದ. ಅವನ ಕಣ್ಣು ನೋಡಬಾರದಾಗಿತ್ತು, ನೋಡಿದೆ. ಒಲೆಯ ಮುಂದಿನಿಂದ ಎದ್ದು ಬಂದೆ.

"ಹಳೇದಕ್ಕ ಹೊಳ್ಳಿ ಹೋಗವ್ರೇನು?" ಎಂದೆ.

"ಹೂಂ."

"ಹಳೇದು ಎಲ್ಲೈತ್ರಿ? ಅದನ್ನ ಧಾರವಾಡದಾಗ ಹುಗದ ಬಂದೇವಿ."

ಅತ್ತೆ ಸೆರಗು ಬಾಯಿಗೆ ಹಿಡಿದು, "ನಿನ್ನ ನಾಲಿಗ್ಗೆ ಹುಳಾ ಬೀಳ್ಲಿ. ಆಕಿ ಇದ್ದಿದ್ರ ಹಿಂಗ ಅಂತಿದ್ದಿಲ್ಲ" ಎಂದರು. ಅದು ನಿಜ. ಆಕೆ ಅನ್ನುತ್ತಿರಲಿಲ್ಲ. ಒಳ್ಳೆಯವಳಾಗಿದ್ದಳು ಎಂದೇ ಎಲ್ಲರೂ ಹೇಳುತ್ತಾರೆ. ನಮ್ಮವರು ನನ್ನ ಮುಖ ನೋಡಿದರು, ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು. ಊಟ ಬೇಡ ಎಂದರು. ನಾನು ಒತ್ತಾಯ ಮಾಡಲಿಲ್ಲ. ಹಸಿದಿದ್ದರೆ ಒಳ್ಳೆಯದೇ ಎಂದುಕೊಂಡೆ. ಹೊಸದನ್ನು ಎಷ್ಟು ದಿನ ನೋಡಬೇಕು ಎಂದು ನನ್ನನ್ನು ಕೇಳುವವರಿಗೆ ನಾನು ಈಗ ಕೇಳುವುದು ಅದೇ. ಹಳೆಯದು ಎಲ್ಲಿದೆ, ತೋರಿಸಿ. ಒಲೆಯ ಮೇಲೆ ತೂಗುತ್ತಿದೆಯೋ, ಮೂಗಿನ ಮೇಲಿದೆಯೋ, ಮಣ್ಣಿನಲ್ಲಿದೆಯೋ? ಮಣ್ಣಿನಲ್ಲಿದ್ದರೆ ದಿನ ಎಣಿಸುವ ಕೆಲಸ ತಪ್ಪಿತು.

ಮರುದಿನ ಬೆಳಿಗ್ಗೆ ಎದ್ದು ಅಂಗಳದಿಂದ ಊರುಗೋಲನ್ನು ತಂದು, ಮಣ್ಣು ಒರೆಸಿ, ಚಾಪೆಯ ಪಕ್ಕ ಕೈಗೆ ಸಿಗುವ ಹಾಗೆ ಇಟ್ಟೆ. ರೊಟ್ಟಿ ಬಡಿದೆ. ಕೆಂಪು ಚಟ್ನಿ ಅರೆದೆ, ವಾಸನೆ ಮನೆ ತುಂಬ ಹೋಗುವ ಹಾಗೆ ಬೆಳ್ಳುಳ್ಳಿ ಜಾಸ್ತಿ ಹಾಕಿ. ಅಷ್ಟನ್ನೂ ಬುಟ್ಟಿಯಲ್ಲಿಟ್ಟು, ಮೆಟ್ಟಿಲು ಇಳಿದು, ಅಂಗಳದ ಆ ತುದಿಯ ಹುಣಸೆ ಮರದ ಕಟ್ಟೆಯ ಮೇಲೆ ಇಟ್ಟು, ತಾಟು ಮುಚ್ಚಿ, ನಾಯಿ ಮೂತಿ ಹಾಕದ ಹಾಗೆ ಮೇಲೊಂದು ಕಲ್ಲು ಹೇರಿದೆ. ನೀರಿನ ತಂಬಿಗೆಯನ್ನೂ ಅಲ್ಲೇ ಇಟ್ಟೆ. ಒಳಗೆ ಬಂದು ಅತ್ತೆಯ ಕೈ ಹಿಡಿದೆ.

"ನಡೀರಿ ಅತ್ತೀ. ತೊಗಟಿ ಸುಲಿಯಾಕ ಒಂದು ಕೈ ಕಡಿಮಿ ಐತಿ."

"ಅವಗ ರೊಟ್ಟಿ ಯಾರು ಕೊಡ್ತಾರ?"

"ಬಡದ ಇಟ್ಟೇನಿ. ನಡೀರಿ."

ಕೊಸರಿಕೊಂಡರು. ಮುದುಕಿಯ ಮೈಯಲ್ಲಿ ಎಷ್ಟು ಬಲ ಇರುತ್ತದೆ, ಎಳೆದುಕೊಂಡೇ ಹೊರಟೆ. ಬೇಲಿಯ ಹತ್ತಿರ ಬಂದಾಗ ಹಿಂದಿನಿಂದ ಬೈಗುಳ ಶುರುವಾಯಿತು. ನನಗೆ, ನನ್ನ ತವರಿಗೆ, ನನ್ನನ್ನು ಈ ಮನೆಗೆ ತಂದ ಹಿರಿಯರಿಗೆ, ಕೋಲು ಮಾಡಿದವನಿಗೆ, ಕೋಲಿಗೆ. ಅತ್ತೆ ಹಿಂತಿರುಗಲು ನೋಡಿದರು. ನಾನು ರಟ್ಟೆ ಬಿಡಲಿಲ್ಲ, ನಿಂತು ಕೇಳಿಸಿಕೊಂಡೆ. ಮೊದಲು ಬೈಗುಳ ಪಡಸಾಲೆಯ ಒಳಗಿನಿಂದ ಬರುತ್ತಿತ್ತು. ಆಮೇಲೆ ಬೈಗುಳದ ಬದಲು ಕೋಲು ನೆಲಕ್ಕೆ ಊರುವ ಸದ್ದು ಬಂತು. ಮತ್ತೆ ಶುರುವಾದಾಗ ಅದು ಮೆಟ್ಟಿಲಿನ ಮೇಲಿನಿಂದ ಬರುತ್ತಿತ್ತು. ಅತ್ತೆಯನ್ನು ಕರೆದುಕೊಂಡು ಕೆಲಸಕ್ಕೆ ನಡೆದೆ.